ಬಾಯಿ ಬಿಟ್ಟು ಕೇಳಿದ್ದರೆ ಮುಗೀತಿತ್ತು

ಓದಲು ಡಬ್ಲಿನ್‌ಗೆ ಬಂದ ಹೊಸದರಲ್ಲಿ ಸಾಗರದ ಕಡೆಯ ಒಬ್ಬರ ಮನೆ ಸೋಫಾ ಮೇಲೆ ಮೂರು ವಾರ ಮಲಗಿದ್ದೆ. "ಇರ್ಲಾ?" ಅಂತ ಕೇಳಲು ನನಗೆ ಬಾಯಿ ಬಂದಿರಲಿಲ್ಲ. ಅಮ್ಮ ಆ ಮನೆಯವರ ಚಿಕ್ಕಮ್ಮನಿಗೆ ಫೋನ್ ಮಾಡಿದರು, ಚಿಕ್ಕಮ್ಮ ಇವರಿಗೆ ಹೇಳಿದರು. "ಎಂತ ಮಾರಾಯ, ನಂಗೇ ಕೇಳೋಕೆ ಎಂತ ಆಗಿತ್ತು ನಿಂಗೆ?" ಅಂತ ಬೈಸಿಕೊಂಡೇ ಒಳಗೆ ಹೋಗಿದ್ದೆ.

ಅದಕ್ಕೇ ಇರಬೇಕು, 'ನಾರ್ಮಲ್ ಪೀಪಲ್' ನೋಡುವಾಗ ಆರನೇ ಕಂತಿಗೆ ಬಂದು ತಡೆಯಲಾಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಐರಿಶ್ ಧಾರಾವಾಹಿ ಇದು. ಸ್ಯಾಲಿ ರೂನಿಯವರ ಕಾದಂಬರಿ ಆಧರಿಸಿದ್ದು, ಅರ್ಧ ಗಂಟೆಯ ಹನ್ನೆರಡು ಕಂತು. ಸ್ಲೈಗೋ ಕಡೆಯ ಸಣ್ಣ ಊರಿನ ಮರಿಯಾನ್, ಕಾನಲ್ ಶಾಲೆ ಮುಗಿಸಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಬರುತ್ತಾರೆ. ಕಾನಲ್‌ಗೆ ಪಾರ್ಟ್ ಟೈಮ್ ಕೆಲಸ ಹೋಗುತ್ತದೆ, ಬಾಡಿಗೆಗೆ ದುಡ್ಡಿಲ್ಲ. ಹೇಗೂ ಅರ್ಧ ದಿನ ಮರಿಯಾನ್ ಫ್ಲಾಟಿನಲ್ಲೇ ಇರುತ್ತಾನೆ. ಬೇಸಿಗೆ ರಜೆಯಲ್ಲಿ ಇಲ್ಲೇ ಇರಲಾ ಅಂತ ಕೇಳಿದರೆ ಮುಗೀತು. ಕೇಳುವುದಿಲ್ಲ. ಊರಿಗೆ ಹೋಗ್ತೀನಿ ಅನ್ನುತ್ತಾನೆ. ಬಿಟ್ಟು ಹೋಗ್ತಿದಾನೆ ಅಂದುಕೊಂಡು ಅವಳೂ ಸುಮ್ಮನಾಗುತ್ತಾಳೆ. ಸಂಬಂಧ ಮುರಿಯಿತು!

ನಮ್ಮ ಸೀರಿಯಲ್ ಆಗಿದ್ದರೆ ಬಾಗಿಲ ಹಿಂದೆ ನಿಂತ ಯಾರೋ ಈ ಮಾತು ಕೇಳಿಸಿಕೊಂಡಿರುತ್ತಿದ್ದರು. ಸಂಜೆಯೊಳಗೆ ಇಡೀ ಮನೆಗೆ ಗೊತ್ತು. ಅಲ್ಲಿ ಮಧ್ಯಸ್ಥರು ಜಾಸ್ತಿ, ಮಾತು ಜಾಸ್ತಿ, ಒಂದು ಕಪಾಳಮೋಕ್ಷವನ್ನು ಮೂರು ಸಲ ತೋರಿಸುತ್ತಾರೆ. ಇಲ್ಲಿ ಮಧ್ಯಸ್ಥರೇ ಇಲ್ಲ. ಇಬ್ಬರ ಮುಖ, ನಡುವೆ ಮೌನ, ಅಷ್ಟೇ. ಈ ಮೌನವೇ ಧಾರಾವಾಹಿಯ ಶಕ್ತಿ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುವುದೂ ಅಲ್ಲೇ. ಇದೆಲ್ಲ 'ಪಾಶ್ಚಾತ್ಯರ ಸ್ವಭಾವ' ಅನ್ನಬೇಡಿ. ಇಲ್ಲಿನ ಐರಿಶ್ ಹಿರಿಯರೂ ಟೀ ಕೊಟ್ಟರೆ ಮೊದಲು ಬೇಡ ಅಂತಾರೆ, ಮೂರು ಸಲ ಒತ್ತಾಯ ಮಾಡಿಸಿಕೊಂಡು ಕುಡಿಯುತ್ತಾರೆ. ನಮ್ಮ ದಾಕ್ಷಿಣ್ಯವೇ. ಆದರೆ ಮರಿಯಾನ್ ಬೆಳೆದದ್ದು ಯಾರೂ ಯಾರನ್ನೂ ಒತ್ತಾಯ ಮಾಡದ ಮನೆಯಲ್ಲಿ.

ನನಗೆ ತುಂಬಾ ಹಿಡಿಸಿದ್ದು ದುಡ್ಡಿನ ವಿಷಯ. ಕಾನಲ್‌ನ ಅಮ್ಮ ಲೊರೇನ್ ಮರಿಯಾನ್ ಮನೆಯಲ್ಲಿ ಕಸ ಗುಡಿಸಿ ಒರೆಸುವವಳು. ಅದನ್ನು ಯಾರೂ ಕಿರುಚಿ ಹೇಳುವುದಿಲ್ಲ. ನಮ್ಮಲ್ಲಾದರೆ ಮೆಟ್ಟಿಲ ಮೇಲೆ ನಿಂತ ಅತ್ತೆ ದಿನಾ ಹೇಳುತ್ತಾಳೆ. (ನಮ್ಮೂರಲ್ಲಿ ಇಂಥ ಜೋಡಿಗೆ ಮೊದಲು ಅಡ್ಡ ಬರುವುದು ಜಾತಿ. ಸೀರಿಯಲ್‌ನವರು ಅದಕ್ಕೆ 'ಬಡವ' ಅಂತ ಹೆಸರಿಟ್ಟು ದಾಟಿಕೊಳ್ಳುತ್ತಾರೆ.) ಮುಂದೆ ಇಬ್ಬರಿಗೂ ಟ್ರಿನಿಟಿಯ ಸ್ಕಾಲರ್‌ಶಿಪ್ ಸಿಗುತ್ತದೆ. ಫೀಸು ಮಾಫಿ, ಇರಲು ರೂಮು, ರಾತ್ರಿ ಊಟ. ಅವಳಿಗೆ ಅದು ಮರ್ಯಾದೆ. ಅವನಿಗೆ ಮಾತ್ರ ಇಡೀ ಯುರೋಪು ಬಾಗಿಲು ತೆರೆದ ಹಾಗೆ. ಫೀಸು ಕಟ್ಟಲು ಅಪ್ಪನ ಸೊಸೈಟಿ ಸಾಲ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾ?

ಹಸಿಬಿಸಿ ದೃಶ್ಯಗಳು ಬೇಕಾದಷ್ಟಿವೆ, ಮನೆಯವರ ಜೊತೆ ಕೂತು ನೋಡುವಂಥದ್ದಲ್ಲ. ಇಲ್ಲಿಯೂ ರೇಡಿಯೋಗೆ ಫೋನ್ ಮಾಡಿ ಬೈದವರಿದ್ದರು. ಆದರೆ ಹುಡುಗ ಹುಡುಗಿಗೆ, ಬೇಡ ಅನ್ನಿಸಿದರೆ ನಿಲ್ಲಿಸೋಣ ಅನ್ನುತ್ತಾನಲ್ಲ, ಅಂಥ ಮಾತು ನಮ್ಮ ನಾಯಕರ ಬಾಯಲ್ಲಿ ನಾನು ಕೇಳಿಲ್ಲ. ನಮ್ಮಲ್ಲಿ ಅವಳು ಬೇಡ ಅಂದಷ್ಟೂ ಅವನು ಹಿಂದೆ ಬೀಳುತ್ತಾನೆ.

ಕೊರತೆಗಳೂ ಇವೆ. ಮೊದಲ ಆರು ಕಂತು ಬಿಗಿ, ಆಮೇಲೆ ನಿರ್ದೇಶಕರೂ ಬದಲು, ಹಿಡಿತವೂ ಸಡಿಲ. ಸ್ವೀಡನ್ನಿನ ಫೋಟೋಗ್ರಾಫರ್, ಡಬ್ಲಿನ್ನಿನ ಶ್ರೀಮಂತ ಗೆಳೆಯ, ಇವರೆಲ್ಲ ಬರೀ ಕೆಟ್ಟವರು. ಮರಿಯಾನ್ ಅಣ್ಣ ಬಾಗಿಲು ಬಡಿದು ಅವಳ ಮೂಗಿನಲ್ಲಿ ರಕ್ತ ತರಿಸುತ್ತಾನೆ, ಅಮ್ಮ ಸುಮ್ಮನಿರುತ್ತಾಳೆ. ಯಾಕೆ ಹೀಗಾದರು? ಹೇಳುವುದು ತೀರಾ ಕಡಿಮೆ. ಒಂದೊಂದು ಸಲ ನಮ್ಮ ಸೀರಿಯಲ್‌ನ ಕಡುಗೆಂಪು ಲಿಪ್‌ಸ್ಟಿಕ್ ಅತ್ತೆಗೇ ಹೆಚ್ಚು ಹಿನ್ನೆಲೆ ಇರುತ್ತದೆ ಅನ್ನಿಸಿತು. ಈ ಸಡಿಲದಲ್ಲೂ ಹತ್ತನೇ ಕಂತು ಬೇರೆ. ಊರಿನ ಗೆಳೆಯನೊಬ್ಬ ಆತ್ಮಹತ್ಯೆ ಮಾಡಿಕೊಂಡ ಮೇಲೆ ಕಾನಲ್ ಕೌನ್ಸೆಲರ್ ಮುಂದೆ ಕೂತು ಅಳುತ್ತಾನೆ. ಅಷ್ಟು ದಿನ ಮಾತೇ ಬಾರದವನಿಗೆ ಮಾತು ಬರುವುದು ಅಲ್ಲಿ. ಪಾಲ್ ಮೆಸ್ಕಲ್ ಆ ಪಾತ್ರಕ್ಕೆ 2021ರಲ್ಲಿ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಪಡೆದ. ಪಡೆಯಬೇಕಾದ್ದೇ.

ಇವರೆಲ್ಲರಲ್ಲಿ ನಮ್ಮ ಕಡೆಯ ಹಿರಿಯರ ಹಾಗೆ ನಡೆದುಕೊಳ್ಳುವವಳು ಲೊರೇನ್ ಒಬ್ಬಳೇ. ಶಾಲೆ ಮುಗಿದಾಗಿನ ಡಾನ್ಸಿಗೆ ಮಗ ಮರಿಯಾನ್ ಬಿಟ್ಟು ಇನ್ನೊಬ್ಬಳನ್ನು ಕರೆದ ಅಂತ ಗೊತ್ತಾದ ಕೂಡಲೇ ಕಾರು ನಿಲ್ಲಿಸು ಅಂತ ಇಳಿದುಬಿಡುತ್ತಾಳೆ.

ಮೊನ್ನೆ ಈ ಕಥೆಯನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಬೇಡದ್ದನ್ನು ಬಿಟ್ಟು. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಆ ಹುಡ್ಗಿ ಫ್ಲಾಟಲ್ಲಿ ಎಷ್ಟು ರೂಮಿದಾವಂತೆ?"