ಸಿಮೆಂಟಿನ ಲಾಂಬು

ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಒಂದು ಸಣ್ಣ ಪಾರ್ಕ್ ಉಂಟು. ಹೆಸರು ಬೇಡ. ಮಂಗಳೂರಿನವರಿಗೆ ಅಂಥದ್ದು ಒಂದಾದರೂ ಗೊತ್ತಿರುತ್ತದೆ. ಅದರ ನಡುವೆ ಸಿಮೆಂಟಿನ ದೊಡ್ಡ ಲಾಂಬು ನಿಂತಿದೆ. (ಘಟ್ಟದ ಮೇಲಿನವರಿಗೆ: ಲಾಂಬು ಅಂದ್ರೆ ತುಳುವಿನಲ್ಲಿ ಅಣಬೆ.) ಕೆಂಪು ಟೊಪ್ಪಿ, ಮೇಲೆ ಬಿಳಿ ಚುಕ್ಕೆ, ಕಾಂಡದ ಸುತ್ತ ಕೂರಲು ಬಳೆಯ ಹಾಗೆ ಒಂದು ಕಟ್ಟೆ. ಮೊದಲ ಮಳೆಗೆ ನಮ್ಮ ಗುಡ್ಡೆಯಲ್ಲಿ ಏಳುವ ಲಾಂಬಿಗೂ ಇದಕ್ಕೂ ಎಂತ ಸಂಬಂಧವೂ ಇಲ್ಲ. ಯಾವುದೋ ದೇಶದ ಮಕ್ಕಳ ಚಿತ್ರಪುಸ್ತಕದಿಂದ ಎದ್ದು ಬಂದ ಹಾಗಿದೆ.

ಜೂನ್ ತಿಂಗಳ ಒಂದು ಸಂಜೆ ಮಳೆಗೆ ಓಡಿ ಅದರ ಅಡಿಗೆ ಹೋದೆ. ಆಗಲೇ ಅಲ್ಲಿ ಒಬ್ಬ ಅಜ್ಜ, ಒಬ್ಬ ಚರುಂಬುರಿ ಮಾರುವವ. ಟೊಪ್ಪಿಯ ಅಂಚು ನಮ್ಮ ತಲೆಯಿಂದ ಎಷ್ಟೋ ಮೇಲೆ. ನಮ್ಮೂರಿನ ಮಳೆ ನೇರ ಬೀಳುತ್ತದಾ? ಕಡಲ ಕಡೆಯಿಂದ ಓರೆಯಾಗಿ ಬಂದು ಹೊಡೆಯುತ್ತದೆ. ಮೊದಲು ಕಾಲು ಒದ್ದೆ, ಆಮೇಲೆ ಸೊಂಟದವರೆಗೆ. ಮೂವರೂ ಕಾಂಡದ ಆಚೆ ಬದಿಗೆ ಸರಿದೆವು. ಗಾಳಿ ತಿರುಗಿತು, ನಾವೂ ತಿರುಗಿದೆವು. ದೇವಸ್ಥಾನಕ್ಕೆ ಸುತ್ತು ಬಂದ ಹಾಗೆ ಆ ಲಾಂಬಿಗೆ ಎರಡು ಸುತ್ತು ಬಂದೆವು ಮಾರಾಯ್ರೆ. ಕೂರುವ ಅಂದ್ರೆ ಕಟ್ಟೆ ಒಳಕ್ಕೆ ಇಳಿಜಾರು, ಕಾಂಡದ ಬುಡದಲ್ಲಿ ನೀರು ನಿಂತು ತರಗೆಲೆ ತೇಲುತ್ತಿತ್ತು. ಚರುಂಬುರಿಯವ ಹೆಚ್ಚಿದ ನೀರುಳ್ಳಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ, "ಇದು ಬಿಸಿಲಿಗೆ ಮಾಡಿದ್ದು ಕಾಣ್ತದೆ" ಎಂದ. ಅಜ್ಜ ನಕ್ಕರು. "ಬಿಸಿಲಿಗೂ ಅಲ್ಲ. ನಾಲ್ಕು ಗಂಟೆಗೆ ಬಾ, ನೆರಳು ಎಲ್ಲಿ ಬೀಳ್ತದೆ ನೋಡು" ಎಂದು ಹುಲ್ಲಿನ ಕಡೆ ಕೈ ತೋರಿಸಿದರು. ಅಲ್ಲಿ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಬೋರ್ಡ್ ಇತ್ತು.

ಪಾರ್ಕಿನಲ್ಲಿ ಇಂಥ ಪುಟ್ಟ ಕಟ್ಟಡಗಳು ಬೇಡ ಅಂತ ನಾನು ಹೇಳುವುದಿಲ್ಲ. ಬೇಕು. ನೋಡಲು ಚಂದವಾಗಿ, ಸ್ವಲ್ಪ ತಮಾಷೆಯಾಗಿ ಇದ್ದರೂ ಆಯಿತು. ಆದರೆ ನನ್ನ ಲೆಕ್ಕದಲ್ಲಿ ಅದಕ್ಕೊಂದು ಪರೀಕ್ಷೆ ಉಂಟು. ಹತ್ತು ವರ್ಷ ಕಳೆದ ಮೇಲೆ ಜನ ಕಂಡಕ್ಟರಿಗೆ ಅದರ ಹೆಸರು ಹೇಳಿ ಬಸ್ಸಿನಿಂದ ಇಳಿಯಬೇಕು.

ನಮ್ಮ ಊರುಗಳ ಹೆಸರನ್ನೇ ನೋಡಿ. ಹಂಪನಕಟ್ಟೆ, ಮಲ್ಲಿಕಟ್ಟೆ, ಅಡ್ಯಾರ್‌ಕಟ್ಟೆ. ಎಲ್ಲ ಕಟ್ಟೆಗಳೇ. ಅಪ್ಪಣ್ಣ ಎಂಬವರು ಮರದಡಿಯ ಕಟ್ಟೆಯಲ್ಲಿ ಕೂತು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯಿತಂತೆ. ಕೆಲವು ವರ್ಷದ ಹಿಂದೆ ರಸ್ತೆ ಅಗೆಯುವಾಗ ಅಲ್ಲಿ ಹಳೆಯ ಬಾವಿ ಸಿಕ್ಕಾಗ ಈ ಕಥೆ ಮತ್ತೆ ಎಲ್ಲರ ಬಾಯಲ್ಲಿ ಓಡಾಡಿತು. ಕೈಕಂಬ ಅಂದ್ರೆ ದಾರಿ ತೋರಿಸುವ ಕೈ ಇದ್ದ ಕಂಬ. ಉಡುಪಿಯ ಕಲ್ಸಂಕ ಅಂದ್ರೆ ಕಲ್ಲಿನ ಸಂಕ (ಸಣ್ಣ ಸೇತುವೆ). ಒಂದು ಕಂಬ, ಒಂದು ಸಂಕ, ಕೂರಲು ಒಂದು ಕಟ್ಟೆ. ಅಷ್ಟೇ. ಹಂಪನಕಟ್ಟೆಯ ಹಳೆಯ ಗಡಿಯಾರದ ಗೋಪುರ ಕೆಡವಿದ ಮೇಲೂ ಎಷ್ಟೋ ವರ್ಷ ಕಂಡಕ್ಟರ್‌ಗಳು "ಕ್ಲಾಕ್ ಟವರ್, ಕ್ಲಾಕ್ ಟವರ್" ಎಂದು ಕೂಗುತ್ತಲೇ ಇದ್ದರು. ಈಗ ಹೊಸ ಗೋಪುರ ಬಂದಿದೆ. ಹೆಸರು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಮಳೆಯ ವಿಷಯವನ್ನೂ ನಮ್ಮವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮೂಡುಬಿದಿರೆಯ ಬಸದಿಗಳ ಜಗಲಿಗೆ ಕಲ್ಲಿನ ಹಾಸನ್ನೇ ಮರದ ಹಲಗೆಯ ಹಾಗೆ ಓರೆಯಾಗಿ ಹೊದಿಸಿದ್ದಾರೆ. ಅಲ್ಲೇ ಹತ್ತಿರ ಕೊಡಂಗಲ್ಲಿನಲ್ಲಿ ಜೈನ ಸಮಾಧಿಗಳಿವೆ, ನೋಡದವರು ಒಮ್ಮೆ ಹೋಗಿ ಬನ್ನಿ. ಒಳಗೆ ಯಾರೂ ಕೂರಬೇಕಾಗಿಲ್ಲ. ಆದರೂ ಅಂತಸ್ತು ಅಂತಸ್ತಿಗೂ ಇಳಿಜಾರಿನ ಅಂಚು ಬಿಟ್ಟಿದ್ದಾರೆ. ದೂರದಿಂದ ಒಂದರ ಮೇಲೊಂದು ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಟ್ಟ ಹಾಗೆ ಕಾಣುತ್ತದೆ. ಆ ಚಂದ ಪೂರ್ತಿ ಬಂದದ್ದು ಆ ಅಂಚಿನಿಂದಲೇ.

ಹೊರದೇಶದ್ದನ್ನು ನೋಡಿಯೇ ಕಲಿಯುವುದಾದರೆ ಒಳ್ಳೆಯದನ್ನು ನೋಡಿ ಕಲಿಯೋಣ. ಆಸ್ಟ್ರಿಯಾದಲ್ಲಿ ಕ್ರುಂಬಾಖ್ ಎಂಬ ಹಳ್ಳಿ ಉಂಟು, ಜನಸಂಖ್ಯೆ ಸಾವಿರದ ಆಸುಪಾಸು. 2014ರಲ್ಲಿ ಅಲ್ಲಿ ಬೇರೆ ಬೇರೆ ದೇಶದ ವಾಸ್ತುಶಿಲ್ಪಿಗಳಿಂದ 7 ಬಸ್ ತಂಗುದಾಣ ಮಾಡಿಸಿದರು. ವಿನ್ಯಾಸಕ್ಕೆ ಸಂಬಳ ಎಂತ ಗೊತ್ತುಂಟಾ? ಆ ಸೀಮೆಯಲ್ಲಿ ಕೆಲವು ದಿನ ರಜೆ ಕಳೆಯುವ ಅವಕಾಶ! ರಷ್ಯಾದ ಬ್ರಾಡ್‌ಸ್ಕಿ ಕಿಟಕಿ, ಬಾಗಿಲು, ಒಳಗೊಂದು ಮೇಜು ಇರುವ ಮರದ ಪುಟ್ಟ ಗೋಪುರ ಮಾಡಿದರು. ಜಪಾನಿನ ಫುಜಿಮೊಟೊ ತೆಳ್ಳಗಿನ ಬಿಳಿ ಕಬ್ಬಿಣದ ಸರಳುಗಳ ಕಾಡನ್ನೇ ನಿಲ್ಲಿಸಿದರು. ಮಾಡೇ (ಸೂರೇ) ಇಲ್ಲ ಅದಕ್ಕೆ! ಫೋಟೋಕ್ಕೆ ಅದೇ ಚಂದ. ನನಗೆ ಬ್ರಾಡ್‌ಸ್ಕಿಯದ್ದೇ ಸಾಕು.

ಬಾರ್ಸಿಲೋನಾದ ಪಾರ್ಕ್ ಗುಯೆಲ್ ಎಲ್ಲರೂ ಫೋಟೋದಲ್ಲಿ ನೋಡಿದ್ದೇ. ಹಾವಿನ ಹಾಗೆ ಸುತ್ತುವ ಬೆಂಚು, ಅದರ ಮೈತುಂಬ ಒಡೆದ ಟೈಲ್ಸ್ ಚೂರು. ಎಲ್ಲರೂ ಬೆಂಚಿನ ಫೋಟೋ ಹಾಕುತ್ತಾರೆ, ಅದರಡಿಯ ಕೆಲಸ ಹೇಳುವವರು ಕಡಿಮೆ. ಆ ಅಂಗಳಕ್ಕೆ ಬಿದ್ದ ಮಳೆನೀರು ಕೆಳಗಿನ ಕಂಬಗಳ ಒಳಗಿಂದಲೇ ಇಳಿದು ನೆಲದಡಿಯ ತೊಟ್ಟಿ ಸೇರುತ್ತದೆ. ಏಪ್ರಿಲ್ ಬಂದರೆ ನಮ್ಮ ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಅಡಿ ನೀರುಂಟು ಅಂತ ಪೇಪರಿನಲ್ಲಿ ಹುಡುಕುವವರು ನಾವು. ನಮಗಲ್ಲವಾ ಇಂಥ ಕಂಬ ಬೇಕಾದದ್ದು?

ಸಾಮಾನಿಗೆ ಬರಗಾಲವೂ ಇಲ್ಲ. ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಬೇಕಾದ ಆಕಾರಕ್ಕೆ ಕೆತ್ತಬಹುದು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಶುರು ಮಾಡಿದ ಹೆಂಚು ನಮ್ಮ ಊರಿನ ಹೆಸರು ಹೊತ್ತುಕೊಂಡು ಎಲ್ಲೆಲ್ಲಿಗೋ ಹೋಯಿತು. ಈಗ ಹಳೆ ಮನೆ ಕೆಡವಿದಲ್ಲೆಲ್ಲ ಅದರ ರಾಶಿ ಬಿದ್ದಿರುತ್ತದೆ. ಇವುಗಳಲ್ಲೇ ಪಾರ್ಕಿಗೊಂದು ತಂಗುದಾಣ ಮಾಡಬಹುದು: ಎದೆಮಟ್ಟದವರೆಗೆ ಇಳಿದ ಮಾಡು, ಅಡಿಗೆ ಕಾಲು ಮಡಚಿ ಕೂರುವಷ್ಟು ಅಗಲದ ಜಗಲಿ. ಒಳಗೆ ಹೋಗುವಾಗ ತಲೆ ಸ್ವಲ್ಪ ತಗ್ಗಿಸಬೇಕಾದರೂ ತೊಂದರೆ ಇಲ್ಲ, ನಮ್ಮ ಅಜ್ಜಿಮನೆಯಲ್ಲೂ ತಗ್ಗಿಸಿಯೇ ಹೋಗುತ್ತಿದ್ದೆವು. ಇನ್ನು ಹಾರ್ಟ್ ಚಿತ್ರ ಇಟ್ಟು ಊರಿನ ಹೆಸರು ಬರೆದ ಸೆಲ್ಫಿ ಬೋರ್ಡ್‌ಗಳ ಬಗ್ಗೆ ನಾನು ಎಂತದೂ ಹೇಳುವುದಿಲ್ಲ. ನಾನೂ ಒಂದರ ಎದುರು ನಿಂತು ಫೋಟೋ ತೆಗೆಸಿದ್ದೇನೆ.

ಇಷ್ಟೆಲ್ಲ ಬರೆದ ಮೇಲೆ ಒಂದು ನಿಜ ಒಪ್ಪಬೇಕು. ನಮ್ಮ ಪಾರ್ಕಿನ ಗೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಉಂಟು, ಅದನ್ನು ಯಾರೂ ಹೇಳುವುದಿಲ್ಲ. ಮಕ್ಕಳು ಆಟಕ್ಕೆ ಸೇರುವುದು "ಲಾಂಬಿನ ಹತ್ರ". ರಿಕ್ಷಾದವರಿಗೂ ಹಾಗೇ ಹೇಳಿದರೆ ಸಾಕು. ನನ್ನ ಪರೀಕ್ಷೆಯಲ್ಲಿ ಆ ಕೆಂಪು ಟೊಪ್ಪಿ ಆರಾಮವಾಗಿ ಪಾಸಾಗಿದೆ! ಅದನ್ನು ಕೆಡವಿ ಎನ್ನುವ ಬಾಯಿ ಈಗ ನನಗಿಲ್ಲ. ಅಂಚಿಗೆ ಸುತ್ತಲೂ ಎರಡು ಸಾಲು ಹೆಂಚು ಇಳಿಸಿ, ಕಟ್ಟೆಯನ್ನು ಹೊರಕ್ಕೆ ಇಳಿಜಾರು ಮಾಡಿದರೆ ಸಾಕು.

ಮೊನ್ನೆ ಸಂಜೆ ಜೋರು ಮಳೆ. ಮಗಳ ಫೋನ್ ಬಂತು. "ಅಮ್ಮಾ, ಲಾಂಬಿನ ಅಡಿಯಲ್ಲಿ ನಿಂತಿದ್ದೇನೆ. ಬೇಗ ಕೊಡೆ ತಗೊಂಡು ಬಾ."