ಪೈಪ್ ಹೂತ ಮಾತ್ರಕ್ಕೆ ಜಮೀನು ಕೈತಪ್ಪುವುದಿಲ್ಲ

‘ನಗರಕ್ಕೆ ಹೋಗುವ ಕುಡಿಯುವ ನೀರಿನ ಪೈಪ್ ನಿಮ್ಮ ಹೊಲದಡಿ ಹಾದರೆ ಆ ನೆಲದ ಪಟ್ಟಿ ಸರ್ಕಾರದ್ದಾಗುತ್ತದೆ, ಪಹಣಿಯಲ್ಲಿ ಗುಂಟೆ ಕಡಿತವಾಗುತ್ತದೆ’ ಎಂಬ ಸಂದೇಶ ಶ್ರೀರಂಗಪಟ್ಟಣದ ಕಡೆಯ ರೈತರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಬೆಳಗೊಳ, ಮೇಳಾಪುರದ ಕಡೆಯಿಂದ ಮೈಸೂರಿಗೆ ಕಾವೇರಿ ನೀರು ಹೋಗುವುದರಿಂದ ಇಲ್ಲಿನವರಿಗೆ ಈ ಆತಂಕ ಸಹಜವೇ, ಆದರೆ ಸಂದೇಶ ಸರಿಯಲ್ಲ.

ಒಡೆತನ ಬೇರೆ, ಬಳಕೆಯ ಹಕ್ಕು ಬೇರೆ. ಇಂಥ ಬಳಕೆಯ ಹಕ್ಕನ್ನು ಕಾನೂನು ‘ಈಸ್‌ಮೆಂಟ್’ ಎನ್ನುತ್ತದೆ; 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 4ನೆಯ ಕಲಮಿನಲ್ಲಿರುವ ಅದರ ವ್ಯಾಖ್ಯೆಯೇ ‘ತನ್ನದಲ್ಲದ ಜಮೀನಿನ’ ಮೇಲಿನ ಹಕ್ಕು ಎಂದು ಹೇಳುತ್ತದೆ. ಅಂದರೆ ಆ ಹಕ್ಕು ಹುಟ್ಟಬೇಕಾದರೂ ಜಮೀನು ಇನ್ನೊಬ್ಬರದಾಗಿಯೇ ಉಳಿದಿರಬೇಕು. ಪೈಪ್ ಹೂತು ಇಪ್ಪತ್ತು ವರ್ಷ ಕಳೆದರೆ ನೆಲ ಕೈಬಿಟ್ಟಂತೆಯೇ ಎಂಬ ಮಾತೂ ಅರ್ಧಸತ್ಯ. 15ನೆಯ ಕಲಮಿನ ಪ್ರಕಾರ 20 ವರ್ಷ ಬಹಿರಂಗವಾಗಿ, ಶಾಂತಿಯುತವಾಗಿ, ಅಡ್ಡಿಯಿಲ್ಲದೆ, ಹಕ್ಕೆಂದೇ ಬಳಸಿದ್ದರೆ ಸಿಗುವುದು ಆ ಬಳಕೆಯ ಹಕ್ಕು ಮಾತ್ರ, ನೆಲವಲ್ಲ. ಮಾಲೀಕರ ಅನುಮತಿ ಪಡೆದು ಬಳಸಿದ್ದರೆ ಅದೂ ಇಲ್ಲ.

ಸರ್ಕಾರಕ್ಕೆ ನೆಲವೇ ಬೇಕಾದರೆ 2013ರ ಭೂಸ್ವಾಧೀನ ಕಾಯ್ದೆಯಂಥ ಕಾನೂನಿನ ದಾರಿಯಲ್ಲೇ ಬರಬೇಕು, ಏಕೆಂದರೆ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂದು ಸಂವಿಧಾನದ 300ಎ ವಿಧಿ ಹೇಳುತ್ತದೆ.

ಹಾಗೆಂದು ಪೈಪ್ ಹಾಕಲು ಬಿಡುವ ಒಪ್ಪಂದಕ್ಕೆ ನಿಶ್ಚಿಂತೆಯಿಂದ ಸಹಿ ಹಾಕುವುದೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಪೈಪ್ ಮೇಲೆ ಕಬ್ಬು ಬೆಳೆಯಬಹುದೇ, ತೆಂಗು ನೆಡಬಹುದೇ, ದುರಸ್ತಿಗೆಂದು ಅಗೆದಾಗ ನಿಂತ ಬೆಳೆಗೆ ಪರಿಹಾರ ಯಾರು ಕೊಡುತ್ತಾರೆ, ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಮತ್ತೆ ಹರಡುತ್ತಾರೆಯೇ ಎಂಬುದೆಲ್ಲ ಪಟ್ಟಿಯ ಅಗಲದೊಂದಿಗೆ ಒಪ್ಪಂದದಲ್ಲೇ ಬರೆದಿರಬೇಕು. ಅನುಮಾನವಿದ್ದವರು ಪಹಣಿ ತೆಗೆಸಿ, ಮಾಲೀಕರ ಹೆಸರು ಮತ್ತು ವಿಸ್ತೀರ್ಣದ ಜೊತೆಗೆ ಇತರ ಹಕ್ಕುಗಳು ಮತ್ತು ಋಣಗಳ 11ನೆಯ ಕಾಲಂ ಅನ್ನೂ ಓದಿ ನೋಡಲಿ.