ಗೂಸ್‌ಬಂಪ್ಸ್ ಬರಿಸಿಕೊಳ್ಳುವ ವಿಧಾನ

ಸಿನಿಮಾ ನೋಡಿ ಬಂದವರನ್ನು ಕಥೆ ಹೇಗಿದೆ ಎಂದು ವಿಚಾರಿಸುವ ಪದ್ಧತಿ ಬೆಂಗಳೂರಿನಲ್ಲಿ ನಿಂತುಹೋಗಿದೆ. ಈಗ ಮೊದಲ ಪ್ರಶ್ನೆ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಹೇಗಿದೆ ಎಂಬುದು. ಉತ್ತರವೂ ಮೊದಲೇ ನಿಗದಿಯಾಗಿದೆ: ‘ಗೂಸ್‌ಬಂಪ್ಸ್ ಗುರೂ!’ ಹೀಗೆಂದು ಶರ್ಟಿನ ತೋಳು ಮೊಣಕೈ ತನಕ ಏರಿಸಿ, ಎದ್ದು ನಿಂತ ರೋಮಗಳನ್ನು ಸಾಕ್ಷಿಗೆ ತೋರಿಸಬೇಕು. ಮೂರು ಗಂಟೆ ಎಸಿ ಕೆಳಗೆ ಕೂತರೆ ಯಾರ ರೋಮವಾದರೂ ಏಳುತ್ತದಲ್ಲ ಎಂದು ತಕರಾರು ತೆಗೆದವರನ್ನು ಗುಂಪಿನಿಂದ ಹೊರಗೆ ಹಾಕಲಾಗುತ್ತದೆ.

ಬಿಜಿಎಂ ಪಂಡಿತರಾಗಲು ಸಂಗೀತ ಬರಬೇಕಾಗಿಲ್ಲ, ವಾರದ ಲೆಕ್ಕ ಬಂದರೆ ಸಾಕು. ಶುಕ್ರವಾರ ಸಂಗೀತ ನಿರ್ದೇಶಕ ದೇವರು. ಭಾನುವಾರ ‘ಇಂಟರ್ವಲ್ ಬ್ಲಾಕ್ ಬಿಟ್ರೆ ಏನಿಲ್ಲ.’ ಬುಧವಾರದ ಹೊತ್ತಿಗೆ ‘ಓವರ್‌ರೇಟೆಡ್’ ಎನ್ನಬೇಕು. ಗುರುವಾರ ಮೌನ, ಮರುದಿನ ಇನ್ನೊಂದು ದೇವರಿನ ಪ್ರತಿಷ್ಠಾಪನೆ ಇರುತ್ತದೆ. ಈ ಲೆಕ್ಕದಲ್ಲಿ ಒಂದು ದಿನ ತಪ್ಪಿ, ಬುಧವಾರ ಹೋಗಿ ‘ಗೂಸ್‌ಬಂಪ್ಸ್’ ಎಂದವನಿಗೆ ದರ್ಶಿನಿಯಲ್ಲಿ ಕಾಫಿ ಬೈಟು ಮಾಡಿಕೊಳ್ಳಲೂ ಜನ ಸಿಗುವುದಿಲ್ಲ.

ದರ್ಶಿನಿಯ ಮಾತು ಬಂದದ್ದರಿಂದ ಅಲ್ಲಿನ ಕಲಾಪವನ್ನೂ ದಾಖಲಿಸಬೇಕು. ಬಸವನಗುಡಿ ಕಡೆ ಯಾವ ಭಾನುವಾರ ಬೆಳಿಗ್ಗೆ ಹೋದರೂ ಸಿಗುವ ದೃಶ್ಯವಿದು.

‘ಏನ್ ಮಗಾ ಕೇಳ್ತಿದೀಯ ಈಗ?’

‘ಇಂಟರ್‌ಸ್ಟೆಲ್ಲರ್. ಆರ್ಗನ್ ವರ್ಷನ್.’

‘ಅಯ್ಯೋ, ಅದನ್ನೆಲ್ಲ ಬಿಟ್ಟು ಎಷ್ಟೋ ದಿನ ಆಯ್ತು. ನಂದೀಗ ಬರೀ ಐಸ್‌ಲ್ಯಾಂಡ್ ಕಡೇದು.’

‘ನೀವಿನ್ನೂ ಟ್ಯೂನ್ ಇರೋ ಮ್ಯೂಸಿಕ್ ಕೇಳ್ತೀರೇನ್ರೋ?’

ಮೂರನೆಯವನು ಗೆದ್ದ. 2014ರ ಇಂಟರ್‌ಸ್ಟೆಲ್ಲರ್ ಚಿತ್ರಕ್ಕೆ ಹಾಲಿವುಡ್ಡಿನ ಸಂಗೀತ ನಿರ್ದೇಶಕ ಹಾನ್ಸ್ ಝಿಮ್ಮರ್ ಲಂಡನ್ನಿನ ಟೆಂಪಲ್ ಚರ್ಚಿನ ಆರ್ಗನ್ನಿನಲ್ಲೇ ರೆಕಾರ್ಡ್ ಮಾಡಿಸಿದ್ದು, ಸಂಗೀತದ ಬೆನ್ನೆಲುಬೇ ಆರ್ಗನ್, ಅದರಲ್ಲಿ ಬೇರೆ ‘ವರ್ಷನ್’ ಎಂಥದ್ದು ಎಂದು ಯಾರೂ ಕೇಳಲಿಲ್ಲ. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರಿಗೆ ಮಾತ್ರ ತಡೆಯಲಾಗಲಿಲ್ಲ. ‘ಅಲ್ರಪ್ಪಾ, ವಿಜಯಭಾಸ್ಕರ್ ಕೇಳಿದೀರೇನು? ನಾಗರಹಾವು?’ ಮೂವರೂ ಒಟ್ಟಿಗೆ ತಲೆ ಆಡಿಸಿದರು: ‘ಲೆಜೆಂಡ್ ಸಾರ್.’ ಕೇಳದೇ ಉಳಿದ ಸಂಗೀತಗಾರರಿಗೆಲ್ಲ ಇವರು ಕೊಡುವ ಬಿರುದು ಅದು.

ಹಿರಿಯರು ಸಾಚಾ ಎಂದುಕೊಳ್ಳಬೇಡಿ. ‘ಆಗಿನ ಕಾಲದ ರೀ-ರೆಕಾರ್ಡಿಂಗ್‌ನಲ್ಲಿ ಎಡಗಡೆ ವೀಣೆ, ಬಲಗಡೆ ಕೊಳಲು, ಎಷ್ಟು ಸ್ಪಷ್ಟ ಅಂತೀರಿ!’ ಎಂದು ಅವರು ಕಣ್ಣು ಮುಚ್ಚುತ್ತಾರೆ. ರೀ-ರೆಕಾರ್ಡಿಂಗ್ ಎಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂರಿಸುವುದು. ನಾಗರಹಾವು ಬಂದದ್ದು 1972ರಲ್ಲಿ. ಆಗಿನ ನಮ್ಮ ಚಿತ್ರಗಳ ಧ್ವನಿ ಆಪ್ಟಿಕಲ್ ಮೊನೊ, ಅಂದರೆ ಫಿಲ್ಮಿನ ಅಂಚಿನಲ್ಲಿ ಒಂದೇ ಪಟ್ಟಿ. ಎಡವೂ ಇಲ್ಲ, ಬಲವೂ ಇಲ್ಲ. 8,000 ಹರ್ಟ್ಸ್ ದಾಟಿದ ಸದ್ದು ಥಿಯೇಟರಿನಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಹಿರಿಯರು ಮೆಚ್ಚುತ್ತಿರುವ ಎಡ-ಬಲ, ಹೋದ ವಾರ ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಡಾಲ್ಬಿ ರೀಮಾಸ್ಟರ್’ ಎಂಬ ಫಾರ್ವರ್ಡಿನದು. ಯಾರೋ ಪುಣ್ಯಾತ್ಮ ಮೊನೊ ಧ್ವನಿಗೆ ಎಕೋ ಬಳಿದು ಎರಡು ಪಾಲು ಮಾಡಿ ಹಂಚಿದ್ದು. ವಾದದಲ್ಲಿ ಸೋಲುವ ಸೂಚನೆ ಕಂಡರೆ ಅವರ ಬಳಿ ತುರುಪಿನ ಎಲೆ ಇದ್ದೇ ಇದೆ: ‘ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಹತ್ರ ಅಸಿಸ್ಟೆಂಟ್ ಆಗಿದ್ರು, ಗೊತ್ತೇನ್ರಯ್ಯ?’ ಮಾತು ನಿಜ. ನಿಜವಾದ್ದರಿಂದಲೇ ಅದನ್ನು ಎಲ್ಲದಕ್ಕೂ ಬಳಸುತ್ತಾರೆ, ಪಾರ್ಕಿಂಗ್ ಜಗಳಕ್ಕೂ.

ಇನ್ನು ಪಂಡಿತರು ಕೇಳುವ ಸಾಮಗ್ರಿಯ ವಿಚಾರ. ಹಾಡುಗಳ ಹಾಗೆ ಹಿನ್ನೆಲೆ ಸಂಗೀತ ಬಿಡುಗಡೆಯ ದಿನವೇ ಕೈಗೆ ಸಿಗುವುದಿಲ್ಲ. ಓಎಸ್‌ಟಿ ಎಂಬ ಹೆಸರಿನಲ್ಲಿ ಆಮೇಲೆಂದೋ ಬರುತ್ತದೆ, ಎಷ್ಟೋ ಚಿತ್ರಗಳದ್ದು ಹೊರಗೆ ಬರುವುದೇ ಇಲ್ಲ. ಆದ್ದರಿಂದ ಅಭಿಮಾನಿಗಳೇ ಅದನ್ನು ಸುಲಿದುಕೊಳ್ಳುತ್ತಾರೆ. ಒಟಿಟಿಯ 5.1 ಧ್ವನಿಯಲ್ಲಿ ಆರು ಚಾನೆಲ್: ಎಡ, ಬಲ, ನಡು, ಹಿಂದೆರಡು, ಜೊತೆಗೆ 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿಗೆ ಮೀಸಲಾದ ಎಲ್‌ಎಫ್‌ಇ. ಮಾತು ಬಹುಪಾಲು ನಡುವಿನಲ್ಲಿ. ಅದನ್ನು ಮ್ಯೂಟ್ ಮಾಡಿ, ಎಡ-ಬಲ ಇಟ್ಟುಕೊಂಡರೆ ಸಂಗೀತ ಸಿಕ್ಕಿತೆಂದು ಲೆಕ್ಕ.

ಸಿಗುವುದು ಸಂಗೀತವೊಂದೇ ಆಗಿದ್ದರೆ ಈ ಅಂಕಣ ಬೇಕಿರಲಿಲ್ಲ. ಮಳೆ, ಗಾಳಿ, ಎಡದಿಂದ ಬಲಕ್ಕೆ ಹೋದ ಲಾರಿ, ಹೊಡೆದಾಟದ ‘ವ್ಹೂಶ್’, ಎಲ್ಲ ಆ ಎರಡು ಚಾನೆಲ್‌ನಲ್ಲೇ ಇರುತ್ತವೆ. ಮಾತು ಹೋದರೂ ಮಾತಿಗೆ ಹಾಕಿದ ರಿವರ್ಬ್, ಅಂದರೆ ಮಾರ್ದನಿ, ಹೋಗುವುದಿಲ್ಲ. ಬಾವಿಗೆ ಬಿದ್ದವನು ಕೂಗಿದ ಹಾಗೆ ಹೀರೊನ ಡೈಲಾಗ್ ಎಲ್ಲೋ ತಳದಲ್ಲಿ ಗುಂಯ್‌ಗುಡುತ್ತಿರುತ್ತದೆ. ಸೋಲೊ ಕೊಳಲನ್ನು ಮಿಕ್ಸಿಂಗ್ ಎಂಜಿನಿಯರ್ ನಡುವಿಗೆ ಇಟ್ಟಿದ್ದರೆ ಅದೂ ಮಾತಿನ ಜೊತೆಗೇ ಮಾಯ. ಎಲ್‌ಎಫ್‌ಇ ತೆಗೆದುಕೊಂಡಿಲ್ಲವಾದ್ದರಿಂದ ಥಿಯೇಟರಿನಲ್ಲಿ ಕುರ್ಚಿ ಅಲುಗಿಸಿದ ಗುಡುಗಿಗೆ ಜಾಗವೇ ಇಲ್ಲ. ಇಷ್ಟಾದ ಮೇಲೆ ಪಂಡಿತರು ಕೂತು ತೀರ್ಪು ಬರೆಯುತ್ತಾರೆ: ‘ಫ್ಲೂಟ್ ಇರಬೇಕಿತ್ತು. ಬೇಸ್ ಸಾಲದು. ಆದರೆ ಆ ದೂರದ ದನಿಯ ಪ್ರಯೋಗ ಅದ್ಭುತ.’

ಈಚೆಗೆ ಎಐ ಬಂದಿದೆ. ಅದು ಮಾತು ಬೇರೆ, ಸಂಗೀತ ಬೇರೆ ಮಾಡಿಕೊಡುತ್ತದೆ, ಆದರೆ ಸಿಂಬಲ್ ತಾಳಗಳೆಲ್ಲ ನೀರಲ್ಲಿ ಮುಳುಗಿ ಎದ್ದಂತಾಗಿರುತ್ತವೆ. ಇದಕ್ಕೆ ‘ಅಂಡರ್‌ವಾಟರ್ ಟೆಕ್ಸ್ಚರ್’ ಎಂದು ಹೆಸರಿಟ್ಟಾಗಿದೆ. ‘ಸ್ಲೋಡ್ ಪ್ಲಸ್ ರಿವರ್ಬ್’ ಎಂಬ ಇನ್ನೊಂದು ತಿನಿಸಿದೆ. ವೇಗವನ್ನು 0.8ಕ್ಕೆ ಇಳಿಸಿದರೆ ಶ್ರುತಿಯೂ ಸುಮಾರು ನಾಲ್ಕು ಅರ್ಧಸ್ವರ ಕೆಳಗಿಳಿಯುತ್ತದೆ. ವಯೊಲಿನ್ ವಯೊಲಾ ಆಗುತ್ತದೆ, ಹೀರೊಯಿನ್ ಥೀಮ್ ವಿಲನ್ ಥೀಮ್ ಆಗುತ್ತದೆ, ಅದಕ್ಕೆ ‘ಡೆಪ್ತ್’ ಬಂತು ಎನ್ನುತ್ತಾರೆ. ‘8ಡಿ ಆಡಿಯೊ’ ಎಂಬುದರಲ್ಲಿ ಇರುವುದು ಅವೇ ಎರಡು ಚಾನೆಲ್. ಸದ್ದನ್ನು ಈ ಕಿವಿಯಿಂದ ಆ ಕಿವಿಗೆ ತಿರುಗಿಸುತ್ತಾರೆ, ಜೊತೆಗೆ ಕೇಳುವವನ ತಲೆಯೂ ತಿರುಗುತ್ತದೆ. ಉಳಿದ ಆರು ಡಿಗಳು ಎಲ್ಲಿವೆ ಎಂದು ಕೇಳುವುದು ಅಸಭ್ಯತೆ.

ಇಷ್ಟು ಕಷ್ಟಪಟ್ಟು ಹಾಳುಮಾಡಿದ ಧ್ವನಿಯನ್ನು ಕೇಳಲು ಒಳ್ಳೆಯ ಹೆಡ್‌ಫೋನ್ ಬೇಡವೇ? ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಚೌಕಾಸಿ ಮಾಡಿ, ಎಲ್‌ಡಿಎಸಿ ಇರುವ ಹೆಡ್‌ಫೋನ್ ತರುತ್ತಾರೆ. ಎಲ್‌ಡಿಎಸಿ ಎಂದರೆ ಬ್ಲೂಟೂತ್‌ನಲ್ಲಿ ಸದ್ದು ಸಾಗಿಸುವ ಒಂದು ವಿಧಾನ, ಸೆಕೆಂಡಿಗೆ 990 ಕಿಲೊಬಿಟ್ ವರೆಗೆ ಸಾಗಿಸಬಲ್ಲದು. ಅದರಲ್ಲಿ ಸಾಗುವ ಫೈಲು 128ರದ್ದು. ಹತ್ತು ಟನ್ ಲಾರಿಯಲ್ಲಿ ಕೊತ್ತಂಬರಿ ಕಟ್ಟು. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಜಂಗುಳಿಯಲ್ಲಿ ಸುತ್ತ ನೂರಾರು ಬ್ಲೂಟೂತ್‌ಗಳು ಗಿಜಿಗುಟ್ಟುವಾಗ ಸಿಗ್ನಲ್ ಕಡಿಯದಿರಲೆಂದು ಅದು ತಾನಾಗಿಯೇ 330ಕ್ಕೆ ಇಳಿದುಬಿಡುತ್ತದೆ. ಫೋನ್ ಐಫೋನ್ ಆಗಿದ್ದರಂತೂ ಎಲ್‌ಡಿಎಸಿ ನಡೆಯುವುದೇ ಇಲ್ಲ, ಎಎಸಿ ಎಂಬ ಇನ್ನೊಂದು ವಿಧಾನದಲ್ಲೇ ತೃಪ್ತಿಪಡಬೇಕು. ಇದು ಗೊತ್ತಾದ ಮೇಲೂ ‘ವ್ಯತ್ಯಾಸ ಕೇಳಿಸ್ತಿದೆ’ ಎನ್ನುವ ಧೈರ್ಯ ಮೆಚ್ಚಬೇಕಾದ್ದು. ಕಾರಿದ್ದವರ ದಾರಿ ಬೇರೆ: ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪಕ್ಕದವರಿಗೆ ಕೇಳಿಸುವುದು ಸಂಗೀತವಲ್ಲ, ನಂಬರ್ ಪ್ಲೇಟಿನ ನಟ್ಟು ಸಡಿಲವಾಗಿರುವ ಸುದ್ದಿ.

ಸಂಗೀತ ಮಾಡುವವರ ಕಡೆಯನ್ನೂ ಒಮ್ಮೆ ನೋಡಬೇಕು, ಯಾಕೆಂದರೆ ಪಂಡಿತರ ಅತ್ಯುತ್ತಮ ಸಂಶೋಧನೆಗಳು ಅಲ್ಲಿಯೇ ನಡೆಯುವುದು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಅಂದರೆ ನಿಮಿಷಕ್ಕೆ 1,440. ಅದನ್ನು ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಬೀಳುವ ಬೀಟುಗಳ ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂದು ಸಿಗುತ್ತದೆ. 90 ಬಿಪಿಎಂ ಎಂದರೆ ಹದಿನಾರು ಫ್ರೇಮ್. ಹೀರೊ ಎಂಟ್ರಿಯ ಪಾಕ ಸಾಮಾನ್ಯವಾಗಿ ಹೀಗಿರುತ್ತದೆ: ನಾಲ್ಕು ಬಾರ್ (ಒಂದು ಬಾರಿಗೆ ನಾಲ್ಕು ಬೀಟು) ಡ್ರೋನ್ ಎಂಬ ಒಂದೇ ಸ್ವರದ ಗುಂಯ್, ಎಂಟು ಬಾರ್ ರೈಸರ್ ಎಂಬ ಏರುತ್ತ ಹೋಗುವ ಸದ್ದು, ಅರ್ಧ ಬಾರ್ ಖಾಲಿ, ಆಮೇಲೆ ಡ್ರಾಪ್, ಅಂದರೆ ತಮಟೆ, ಬ್ರಾಸ್, ಯಾವ ಭಾಷೆಯೆಂದು ಹಾಡಿದವರಿಗೂ ತಿಳಿಯದ ಕೋರಸ್ ಎಲ್ಲ ಒಟ್ಟಿಗೆ. 90ರ ವೇಗದಲ್ಲಿ ಎಂಟು ಬಾರ್ ಎಂದರೆ ಇಪ್ಪತ್ತೊಂದು ಸೆಕೆಂಡು. ಅಷ್ಟು ಹೊತ್ತು ಹೀರೊ ಏನಾದರೂ ಮಾಡುತ್ತಿರಬೇಕು. ತೋಳು ಮಡಚುತ್ತಾನೆ, ಸಿಗರೇಟು ಹಚ್ಚುತ್ತಾನೆ, ಪರದೆಯ ಮೂಲೆಯಲ್ಲಿ ಆರೋಗ್ಯದ ಎಚ್ಚರಿಕೆಯೂ ರೈಸರ್ ಜೊತೆಗೇ ರೋಮಾಂಚನಗೊಳ್ಳುತ್ತಿರುತ್ತದೆ.

ರೀ-ರೆಕಾರ್ಡಿಂಗ್ ಮುಗಿದ ಮೇಲೆ ಎಡಿಟರ್ ಆ ಸ್ಲೋಮೋಷನ್‌ನಲ್ಲಿ ಹತ್ತು ಫ್ರೇಮ್ ಕತ್ತರಿಸುತ್ತಾರೆ. ಹತ್ತು ಫ್ರೇಮ್ ಎಂದರೆ 0.4 ಸೆಕೆಂಡು, ಅಷ್ಟೇ. ಆದರೆ ಅಲ್ಲಿಂದ ಮುಂದೆ ಬೂಟು ಒಂದು ಕಡೆ ಬೀಳುತ್ತದೆ, ತಮಟೆ ಇನ್ನೊಂದು ಕಡೆ. ಬಿಡುಗಡೆಗೆ ಎರಡು ದಿನ ಇರುವಾಗ ಮತ್ತೆ ನುಡಿಸಲು ಯಾರಿಗೂ ಸಮಯವಿಲ್ಲ. ಮಿಕ್ಸಿಂಗ್ ಎಂಜಿನಿಯರ್ ರೈಸರನ್ನು ಮುಂಚೆಯೇ ಇಳಿಸಿ, ತಮಟೆಯ ಮೊದಲ ಏಟನ್ನು ಬೂಟಿನ ಕೆಳಗೆ ಸರಿಯಾಗಿ ಕೂರಿಸಿ, ನಡುವಿನ ಮುಕ್ಕಾಲು ಸೆಕೆಂಡು ಖಾಲಿ ಬಿಟ್ಟು ಮನೆಗೆ ಹೋಗುತ್ತಾರೆ. ಶುಕ್ರವಾರ ಸಂಜೆ ಹೊತ್ತಿಗೆ ಆ ಮುಕ್ಕಾಲು ಸೆಕೆಂಡಿನ ಮೇಲೆ ಇಪ್ಪತ್ತು ನಿಮಿಷದ ವಿಶ್ಲೇಷಣೆ ತಯಾರು: ‘ಆ ಸೈಲೆನ್ಸ್ ಇಟ್ಟಿದಾನಲ್ಲ, ಅದು ಜೀನಿಯಸ್. ಪಾತ್ರದ ಒಳಗಿನ ಶೂನ್ಯ ಅದು.’

ಕಾಪಿ ಪತ್ತೆ ದಳವೂ ಇದೆ. ನಾಲ್ಕು ಬಾರ್ ಹೋಲಿಕೆ ಸಿಕ್ಕರೆ ತೀರ್ಪು, ಶಿಕ್ಷೆ ಎರಡೂ ಅರ್ಧ ಗಂಟೆಯೊಳಗೆ. ಎಡಿಟಿಂಗ್ ಮಾಡುವಾಗ ದೃಶ್ಯದ ಕೆಳಗೆ ಯಾವುದೋ ಹಳೆಯ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳುತ್ತಾರೆ, ಅದೇ ಟೆಂಪ್ ಟ್ರ್ಯಾಕ್. ಎರಡು ತಿಂಗಳು ಅದನ್ನೇ ಕೇಳಿದ ನಿರ್ದೇಶಕರಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ. ‘ಇದರ ಥರಾನೇ, ಆದ್ರೆ ಇದಲ್ಲ’ ಎಂಬ ಆಜ್ಞೆ ಸಂಗೀತ ನಿರ್ದೇಶಕರಿಗೆ ಹೋಗುತ್ತದೆ. ಅದರ ಥರಾ ಮಾಡಿದರೆ ಕಳ್ಳ, ಮಾಡದಿದ್ದರೆ ಕೆಲಸವಿಲ್ಲ. ದಳದ ಕೆಲವು ಸದಸ್ಯರು ಪತ್ತೆ ಹಚ್ಚುವ ಹುಮ್ಮಸ್ಸಿನಲ್ಲಿ ಕಾಲವನ್ನೇ ತಿರುಗಿಸಿಬಿಡುವುದೂ ಉಂಟು. 1983ರ ‘ಪಲ್ಲವಿ ಅನುಪಲ್ಲವಿ’ಯ ಥೀಮ್ ಮುಂದೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಂತು. ಈಗ ಆ ಚಿತ್ರ ಮೊದಲ ಸಲ ನೋಡಿದವರು, ಇಳಯರಾಜ ಇದನ್ನು ರಿಂಗ್‌ಟೋನಿನಿಂದ ಎತ್ತಿದ್ದಾರೆ ಎಂದು ದೂರು ಕೊಡಲು ಹೊರಡುತ್ತಾರೆ.

ಕನ್ನಡದಲ್ಲಿ ಬಿಜಿಎಂಗೆ ಈ ಮಟ್ಟದ ಅಭಿಮಾನ ಕಟ್ಟಿಕೊಟ್ಟವರು ಸಣ್ಣವರೇನಲ್ಲ. 2014ರ ಉಗ್ರಂನಿಂದ ಕೆಜಿಎಫ್ ತನಕ ರವಿ ಬಸ್ರೂರು, ಅದೇ ವರ್ಷದ ಉಳಿದವರು ಕಂಡಂತೆಯಿಂದ ಕಾಂತಾರದವರೆಗೆ ಅಜನೀಶ್ ಲೋಕನಾಥ್, ಟಗರು ಮತ್ತು ಸಪ್ತ ಸಾಗರದಾಚೆ ಎಲ್ಲೋ ಎರಡನ್ನೂ ಮಾಡಬಲ್ಲ ಚರಣ್ ರಾಜ್. ಒಬ್ಬರ ದಾರಿ ಇನ್ನೊಬ್ಬರದಲ್ಲ. ಅಭಿಮಾನಿಗಳು ಮೂವರಿಗೂ ಸೇರಿ ಒಂದೇ ಬಿರುದು ಕೊಟ್ಟಿದ್ದಾರೆ: ಕನ್ನಡದ ಹಾನ್ಸ್ ಝಿಮ್ಮರ್. ಜಾಸ್‌ (1975) ಚಿತ್ರಕ್ಕೆ ಜಾನ್ ವಿಲಿಯಮ್ಸ್ ಅಕ್ಕಪಕ್ಕದ ಎರಡು ಸ್ವರಗಳ ಮೇಲೆ ಶಾರ್ಕನ್ನು ನಿಲ್ಲಿಸಿ ಆಸ್ಕರ್ ತಂದರು. ನಮ್ಮ ಪಂಡಿತರ ಮುಂದೆ ಇಟ್ಟರೆ ಬರುವ ಪ್ರಶ್ನೆ ಒಂದೇ: ‘ಡ್ರಾಪ್ ಎಲ್ಲಿ ಗುರು?’ ಬಿ.ವಿ. ಕಾರಂತರ ಹೆಸರಂತೂ ಯಾವ ಟಾಪ್ ಟೆನ್ನಿನಲ್ಲೂ ಕಾಣುವುದಿಲ್ಲ. ಋಷ್ಯಶೃಂಗ, ಘಟಶ್ರಾದ್ಧ ಎರಡಕ್ಕೂ ಬೆನ್ನುಬೆನ್ನಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಘಟಶ್ರಾದ್ಧದ ಸಂಗೀತವನ್ನು ಸಬ್‌ವೂಫರಿನಲ್ಲಿ ಹಾಕಿ ನೋಡಿ, ನಂಬರ್ ಪ್ಲೇಟು ಮಿಸುಕುವುದಿಲ್ಲ. ಆದ್ದರಿಂದ ಅದು ಲೆಕ್ಕಕ್ಕಿಲ್ಲ.

ಕೊನೆಗೆ ಥಿಯೇಟರು. ಸಿನಿಮಾ ಪ್ರೊಸೆಸರಿನ ಫೇಡರ್, ಅಂದರೆ ಥಿಯೇಟರಿನ ವಾಲ್ಯೂಮ್, 7ರಲ್ಲಿದ್ದರೆ ಪರದೆ ಹಿಂದಿನ ಪ್ರತಿ ಚಾನೆಲ್ಲಿಗೆ 85 ಡೆಸಿಬೆಲ್ ಎಂಬುದು ರೆಫರೆನ್ಸ್, ಮಿಕ್ಸಿಂಗ್ ನಡೆಯುವುದು ಆ ಲೆಕ್ಕದಲ್ಲೇ. ಸಾಮಾನ್ಯ ದಿನಗಳಲ್ಲಿ ಹಾಲ್‌ಗಳು ಅದನ್ನು 5ರ ಆಸುಪಾಸಿಗೆ ಇಳಿಸಿಕೊಳ್ಳುವುದುಂಟು. ಒಂದು ಅಂಕಿಗೆ 3.3 ಡೆಸಿಬೆಲ್, ಎರಡು ಅಂಕಿಗೆ ಆರೂವರೆ ಮೀರಿ ಕಡಿಮೆ. ಇದನ್ನು ಸರಿಯಾಗಿ ಪತ್ತೆ ಹಚ್ಚುವ ಅಭಿಮಾನಿಗಳು ‘ಸೌಂಡ್ ಕೊಡ್ರೋ’ ಎಂದು ಪ್ರೊಜೆಕ್ಟರ್ ರೂಮಿನ ಕಿಂಡಿಯತ್ತ ಕೂಗುತ್ತಾರೆ. ಆಪರೇಟರ್ ಏರಿಸುತ್ತಾರೆ. ಏರಿಸಿದ ಕೂಡಲೇ ಹೀರೊ ಬರುತ್ತಾನೆ, ಸಾವಿರ ಜನ ಶಿಳ್ಳೆ ಹಾಕುತ್ತಾರೆ, ಪೇಪರ್ ತೂರುತ್ತಾರೆ, ಡ್ರೋನ್, ರೈಸರ್, ಶೂನ್ಯ, ತಮಟೆ ಯಾವುದೂ ಯಾರ ಕಿವಿಗೂ ಬೀಳುವುದಿಲ್ಲ. ಶಿಳ್ಳೆ ನಿಂತ ಮೇಲೆ ಫೇಡರ್ ಇಳಿಸಲು ಆಪರೇಟರ್ ಮರೆತಿರುತ್ತಾರೆ. ಆಸ್ಪತ್ರೆಯ ದೃಶ್ಯದಲ್ಲಿ ತಾಯಿ ಪಾತ್ರಧಾರಿ ಪಿಸುಗುಟ್ಟಿದ್ದು ಮಾಗಡಿ ರಸ್ತೆಯವರೆಗೆ ಕೇಳುತ್ತದೆ.

ಮಾತು, ಬೂಟು, ಲಾರಿ ಯಾವುದರ ಕಾಟವೂ ಇಲ್ಲದೆ, ಆರೂ ಚಾನೆಲ್‌ಗಳಲ್ಲಿ, ಗುಡುಗಿನ ಸಮೇತ ಹಿನ್ನೆಲೆ ಸಂಗೀತ ಕೇಳಲು ಸಿಗುವುದು ಕೊನೆಯ ಹೆಸರುಗಳು ಓಡುವ ನಾಲ್ಕೈದು ನಿಮಿಷ ಮಾತ್ರ. ಹೆಸರು ಶುರುವಾಗುವ ಮೊದಲೇ ಲೈಟು ಹತ್ತಿರುತ್ತದೆ, ಪೊರಕೆ ಹಿಡಿದವರು ಪಾಪ್‌ಕಾರ್ನ್ ಗುಡಿಸಲು ಒಳಗೆ ಬಂದಿರುತ್ತಾರೆ, ಪಂಡಿತರೆಲ್ಲ ಬೈಕ್ ತೆಗೆಯಲು ಬೇಸ್‌ಮೆಂಟಿಗೆ ಓಡಿರುತ್ತಾರೆ. ಪಾರ್ಕಿಂಗ್ ಚೀಟಿ ಹುಡುಕುವ ಗದ್ದಲದಲ್ಲೇ ಒಬ್ಬ ಸಂಗೀತ ನಿರ್ದೇಶಕರನ್ನು ಟ್ಯಾಗ್ ಮಾಡಿ ಟೈಪಿಸುತ್ತಿರುತ್ತಾನೆ: ‘ಅಣ್ಣಾ, ಪ್ಲೀಸ್, ಓಎಸ್‌ಟಿ ಯಾವಾಗ ಬಿಡ್ತೀರಾ?’